ಪಿಕಪ್ ಸುತ್ತಿದವರು ಯಾರು?

ಪಾಮರ್ಸ್ಟನ್ ನಾರ್ತ್

ನ್ಯೂಜಿಲೆಂಡಿಗೆ ಹೋಗಿ ಇನ್ನೂ ವಾರ ಕಳೆದಿರಲಿಲ್ಲ, ನನ್ನ ಸ್ವಂತ ಕಸುಬಿನಲ್ಲೇ ನಾನು ಪೇಚಿಗೆ ಸಿಕ್ಕಿಕೊಂಡೆ. ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದ ಸುಮಾ ಸೈಕಲ್ಲಿನ ಪೆಡಲಿನ ಮೇಲೆ ಒಂದು ಕಾಲಿಟ್ಟುಕೊಂಡೇ, "ದೊಡ್ಡವ್ವ, ಹಾಲು ಮುಗದೈತಿ. ಮೂಲಿಮ್ಯಾಗ ಡೈರಿ ಐತಿ ನೋಡು, ಒಂದು ಬಾಟ್ಲಿ ತಂದಿಡು" ಎಂದು ಹೇಳಿ ಹೋದಳು.

ಸುಮಾ ನನ್ನ ತಂಗಿಯ ಮಗಳು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಹಾಲಿನ ಮೇಲೆ ಸಂಶೋಧನೆ ಮಾಡುತ್ತಾಳೆ. ನಾನು ಪಶುವೈದ್ಯೆ. ಹಾವೇರಿ, ಗದಗ, ಧಾರವಾಡದ ಕಡೆ ಸರ್ಕಾರಿ ಜೀಪಿನಲ್ಲಿ ಓಡಾಡಿ ನಿವೃತ್ತಳಾದವಳು. ಡೈರಿ ಎಂದರೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಗಣಿ ಮೆತ್ತಿದರೆ ತೊಳೆಯಬಹುದಾದ ಚಪ್ಪಲಿ ಹಾಕಿಕೊಂಡು, ವಿದೇಶದ ಡೈರಿಯ ತಂಪುಮಾಡುವ ಟ್ಯಾಂಕು ಹೇಗಿರುತ್ತದೋ ನೋಡೋಣ ಎಂಬ ಉತ್ಸಾಹದಲ್ಲಿ ಹೊರಟೆ. ಮೂಲೆಯಲ್ಲಿ ಇದ್ದದ್ದು ಒಂದು ಅಂಗಡಿ ಮಾತ್ರ. ಅದನ್ನು ದಾಟಿ ಹೋದೆ, ತಿರುಗಿ ಬಂದೆ, ಮತ್ತೆ ದಾಟಿದೆ. ಹಾಲಿನ ಕ್ಯಾನಿಲ್ಲ, ನೊಣವಿಲ್ಲ, ವಾಸನೆಯಿಲ್ಲ. ಕೊನೆಗೆ ಒಳಗೆ ಹೋಗಿ ಡೈರಿ ಎಲ್ಲಿದೆ ಎಂದು ಕೇಳಿದೆ.

"ಇದೇ ಡೈರಿ" ಎಂದರು ಅಂಗಡಿಯ ಗುಜರಾತಿ ಯಜಮಾನರು.

"ಮತ್ತೆ ಹಸುಗಳು?"

ಅವರು ನನ್ನನ್ನು ಬಹಳ ಕರುಣೆಯಿಂದ ನೋಡಿದರು. "ಆಂಟಿ, ಹೊಸದಾಗಿ ಬಂದಿದ್ದೀರಾ?"

ಆ ದೇಶದಲ್ಲಿ ಪೇಪರು, ಪೆಪ್ಪರಮಿಂಟು, ಬೆಂಕಿಪೊಟ್ಟಣ ಮಾರುವ ಮೂಲೆ ಅಂಗಡಿಗೆ ಡೈರಿ ಎನ್ನುತ್ತಾರೆ. ಹಾಲು ಹಿಂದಿನ ಫ್ರಿಜ್ಜಿನಲ್ಲಿತ್ತು, ನಾಯಿ ಬಿಸ್ಕತ್ತಿನ ಪಕ್ಕದಲ್ಲಿ.

ಅದು ೨೦೧೪ರ ಮಾರ್ಚ್. ನಮ್ಮ ರಾಣೆಬೆನ್ನೂರಿನಲ್ಲಿ ರಸ್ತೆಯ ಡಾಂಬರು ಮೆತ್ತಗಾಗುವ ಕಾಲ. ಇಲ್ಲಿ ಎಲೆ ಉದುರುತ್ತಿತ್ತು. ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ನಿಲ್ಲುತ್ತಿದ್ದ. ಜೀವನವಿಡೀ ನೆರಳು ನೋಡಿಯೇ ದಿಕ್ಕು ಹಿಡಿದವಳಿಗೆ ಇದು ಸಣ್ಣ ವಿಷಯವಲ್ಲ. ಎರಡು ಸಲ ಸುಮಾಳ ಮನೆಯ ಬದಲು ಅದರ ಎದುರು ಸಾಲಿನ ಮನೆಯ ಗೇಟು ತೆಗೆದೆ. ಊರೋ, ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ಎಲ್ಲ ಬೀದಿಗಳೂ ಒಂದೇ ಥರ. ದೂರದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಅವು ಮಾತ್ರ ನನ್ನ ಗುರುತು. ಬೀದಿಯಲ್ಲಿ ಮನುಷ್ಯರ ಸುಳಿವಿಲ್ಲ. ಕಾರು ಹೋಗುತ್ತವೆ, ಸೈಕಲ್ಲು ಹೋಗುತ್ತವೆ, ಜನ ಎಲ್ಲಿದ್ದಾರೆ ಎಂದು ತಿಳಿಯುವುದಿಲ್ಲ. ಹಾಗಾಗಿ ಬೇಲಿಯ ಆಚೆಯಿಂದ ಒಬ್ಬ ಮುದುಕರು ನನ್ನನ್ನು ಕೂಗಿದಾಗ ನಾನು ಬಟ್ಟೆ ಒಣಹಾಕುವುದನ್ನು ಬಿಟ್ಟು ಓಡಿಯೇ ಹೋದೆ.

ಬೇಲಿಯ ಆಚೆ

ಅವರ ಹೆಸರು ಟ್ರೆವರ್. ಎಪ್ಪತ್ತೈದರ ಆಸುಪಾಸು, ಕೈಯಲ್ಲಿ ಕೋಲು, ಆ ಚಳಿಗಾಳಿಯಲ್ಲೂ ಮೊಣಕಾಲು ಕಾಣುವ ಚಡ್ಡಿ.

"ನೀವು ಜಡ್ಜ್ ಅಂತೆ, ಸುಮಾ ಹೇಳಿದಳು" ಎಂದರು.

ನನಗೆ ಗಾಬರಿಯಾಯಿತು. ನಾನು ಜಡ್ಜ್ ಹೌದು, ಆದರೆ ಜಾನುವಾರು ಪ್ರದರ್ಶನಗಳಲ್ಲಿ. ಖಿಲಾರಿ ಹೋರಿಗಳನ್ನು ಸಾಲಾಗಿ ನಿಲ್ಲಿಸಿ ಬಹುಮಾನ ಹೇಳುವ ಜಡ್ಜ್. ಕೋರ್ಟಿನವಳಲ್ಲ ಎಂದು ನನ್ನ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ.

"ಹೋರಿಗಳ ಜಡ್ಜಾ!" ಟ್ರೆವರರ ಮುಖ ಅರಳಿತು. "ಇನ್ನೂ ಒಳ್ಳೆಯದಾಯ್ತು. ಕೋರ್ಟಿನವರಿಗೆ ಏನು ಗೊತ್ತಾಗುತ್ತೆ? ಬನ್ನಿ, ಒಳಗೆ ಬನ್ನಿ."

ಒಳಗೆ ಎಂದರೆ ಮನೆಯೊಳಗಲ್ಲ, ಹಿತ್ತಲಿನ ಶೆಡ್ಡಿಗೆ. ಅಲ್ಲಿ ಎಲ್ಲವೂ ಡಬ್ಬಗಳಲ್ಲಿ ಕಟ್ಟಿತ್ತು. ಸೋಮವಾರ ಅವರು ಈ ಮನೆ ಬಿಟ್ಟು ಆಕ್ಲೆಂಡಿನ ದಕ್ಷಿಣಕ್ಕಿರುವ ತಕಾನಿನಿಯಲ್ಲಿ ಮಗನ ಹೊಸ ಮನೆಗೆ ಹೋಗುವವರು. ಆ ಮನೆಯಲ್ಲಿ ಎಲ್ಲ ಇದೆಯಂತೆ, ಶೆಡ್ ಇಲ್ಲವಂತೆ. ಅದನ್ನು ಹೇಳುವಾಗ ಅವರ ದನಿ ಸ್ವಲ್ಪ ಇಳಿಯಿತು. ನನ್ನನ್ನು ಒಂದು ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂರಿಸಿ ವಿಷಯಕ್ಕೆ ಬಂದರು.

ವಿಷಯ ಇಷ್ಟು. ಅವರು ಹುಟ್ಟಿ ಬೆಳೆದ ಹಳ್ಳಿಯಲ್ಲಿ ಒಂದು ಹಳೆಯ ಸಾರ್ವಜನಿಕ ಹಾಲ್ ಇದೆ. ಅಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಿದ್ದಾರೆ. ಆ ಸೀಮೆಗೇ ಅದು ಮೊದಲನೆಯದು, ಅಂಗಡಿಯದಲ್ಲ, ಊರಿನಲ್ಲೇ ಮಾಡಿದ್ದು. ಶನಿವಾರ ಕಾರ್ಯಕ್ರಮ. ಪೆಟ್ಟಿಗೆಯ ಮೇಲಿನ ಹಿತ್ತಾಳೆ ಫಲಕದಲ್ಲಿ 'ಇದನ್ನು ಮಾಡಿದವರು' ಎಂದು ಬರೆಸಬೇಕು. ಮಾಡಿದ್ದು ತಾನು ಎನ್ನುತ್ತಾರೆ ಟ್ರೆವರ್. ತಾನು ಎನ್ನುತ್ತಾರೆ ಅವರ ತಂಗಿಯ ಗಂಡ ಹೋನೆ. ಹೊರಗಿನವರೊಬ್ಬರು ತೀರ್ಮಾನ ಹೇಳಲಿ ಎಂದು ಇಬ್ಬರೂ, ಹಾಲ್ ನೋಡಿಕೊಳ್ಳುವ ಸಮಿತಿಯವರೂ ಒಪ್ಪಿದ್ದರಂತೆ.

"ಇಬ್ಬರ ಹೆಸರನ್ನೂ ಹಾಕಬಹುದಲ್ಲ?" ಎಂದೆ.

"ಹಾಕಬಹುದು. ನನಗೇನೂ ಅಡ್ಡಿಯಿಲ್ಲ. ಅವನಿಗೂ ಅಡ್ಡಿಯಿಲ್ಲ" ಎಂದು ಸ್ವಲ್ಪ ಹೊತ್ತು ಕೋಲಿನ ತುದಿ ನೋಡಿದರು. "ಯಾರದು ಮೊದಲು?"

ನನಗೆ ಒಂದು ಕ್ಷಣ ಊರಿಗೇ ಬಂದ ಹಾಗಾಯಿತು. ಮದುವೆಯ ಕರೆಯೋಲೆಯಲ್ಲಿ ಯಾರ ಹೆಸರು ಮೇಲೆ ಎಂದು ಭಾವ ಮೈದುನರು ಮಾತುಬಿಟ್ಟದ್ದನ್ನು ನಾನು ಎಷ್ಟು ಮನೆಗಳಲ್ಲಿ ನೋಡಿಲ್ಲ. ಆದರೆ ಇವರು ಮಾತು ಬಿಟ್ಟವರಲ್ಲ. ಪ್ರತಿ ಗುರುವಾರ ಒಟ್ಟಿಗೆ ಊಟ ಮಾಡುತ್ತಾರೆ, ಮೀನು ಹಿಡಿಯಲು ಹೋಗುತ್ತಾರೆ. ಗಿಟಾರಿನ ಮಾತು ಬಂದರೆ ಮಾತ್ರ ಇಬ್ಬರೂ ಕಿಟಕಿಯ ಹೊರಗೆ ನೋಡುತ್ತಾರೆ.

"ಹಾಗಾದರೆ ಮಾಡಿದ್ದು ನೀವೇನಾ?" ಎಂದು ನೇರವಾಗಿ ಕೇಳಿದೆ.

"ಯಾ, ನಾ, ಯಾ" ಎಂದರು.

ಹೌದೋ ಅಲ್ಲವೋ ತಿಳಿಯಲಿಲ್ಲ. ಈ ಉತ್ತರ ಆ ದೇಶದಲ್ಲಿ ಎಲ್ಲರ ಬಾಯಲ್ಲೂ ಇದೆ, ಅದರ ಅರ್ಥ ಮಾತ್ರ ನನಗೆ ಕೊನೆಯವರೆಗೂ ಪೂರ್ತಿ ದಕ್ಕಲಿಲ್ಲ.

ಅವರು ಹೇಳಿದ ಕಥೆ ಹೀಗಿತ್ತು. ಯುದ್ಧ ಮುಗಿದು ಸೈನಿಕರು ಮರಳಿದ ಮೇಲೆ ಊರೂರಿನ ಹಾಲ್‌ಗಳಲ್ಲಿ ಶನಿವಾರದ ಕುಣಿತ ಶುರುವಾಯಿತು. ಪಿಯಾನೋ, ಸ್ಯಾಕ್ಸೊಫೋನ್, ಡ್ರಮ್ಮು. ಗಿಟಾರು ಇದ್ದರೆ ಹಿಂದಿನ ಸಾಲಿನಲ್ಲಿ, ಚಕ್ ಚಕ್ ಎಂದು ತಾಳಕ್ಕೆ. ಆಮೇಲೆ ರೇಡಿಯೋದಲ್ಲಿ ಅಮೆರಿಕದ ಕಡೆಯಿಂದ ಬೇರೆಯೇ ಒಂದು ಸದ್ದು ಬರತೊಡಗಿತು. ಗಿಟಾರು ಮುಂದೆ ಬಂದು ಕೂಗುತ್ತಿತ್ತು. ಆ ಸದ್ದು ಕೇಳಿದ ಹುಡುಗರಿಗೆಲ್ಲ ಅದೇ ಬೇಕಾಯಿತು. ಆದರೆ ಹೊರದೇಶದ ಸಾಮಾನು ತರಿಸಲು ಲೈಸೆನ್ಸ್ ಬೇಕು, ಅಂಗಡಿಯಲ್ಲಿ ಎಲೆಕ್ಟ್ರಿಕ್ ಗಿಟಾರು ಇಲ್ಲ. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಕಾಲದವಳು ನಾನು, ಈ ಭಾಗವನ್ನು ನನಗೆ ಯಾರೂ ವಿವರಿಸಬೇಕಾಗಲಿಲ್ಲ.

ಹಡಗಿನವನೊಬ್ಬ ತಂದ ಪತ್ರಿಕೆಯಲ್ಲಿ ಅವರಿಗೆ ಒಂದು ಫೋಟೋ ಸಿಕ್ಕಿತು. ಮುಂದಿನಿಂದ ತೆಗೆದ ಫೋಟೋ. ಹಿಂಬದಿ ಹೇಗಿರುತ್ತದೆ, ಎಷ್ಟು ದಪ್ಪ, ಒಳಗೆ ಟೊಳ್ಳೋ ಗಟ್ಟಿಯೋ ಒಂದೂ ಗೊತ್ತಿಲ್ಲ. ಟ್ರೆವರರ ಅಪ್ಪನದು ಹಸು ಸಾಕುವ ಮನೆ. ಹಾಲು ಕರೆಯುವ ಶೆಡ್ಡಿನ ಹಳೆಯ ತೊಲೆಯೊಂದು ಬಿದ್ದಿತ್ತು, ರಿಮು ಎಂಬ ಅಲ್ಲಿಯ ಕೆಂಪು ಮರದ್ದು. ಅದನ್ನೇ ಕೊಯ್ದು, ಉಜ್ಜಿ, ಹಿಂಬದಿಯನ್ನು ಊಹೆಯಿಂದ ಮಾಡಿದರು. "ಕರುವಿನಷ್ಟು ಭಾರ ಆಯ್ತು" ಎಂದು ನಕ್ಕರು.

ಇಲ್ಲಿಯವರೆಗೆ ನನಗೆ ತಿಳಿಯಿತು. ಆಮೇಲೆ ಅವರು ಪಿಕಪ್ಪಿನ ಮಾತೆತ್ತಿದರು. "ಪಿಕಪ್ ಹೋನೆಯ ಐಡಿಯಾ. ಒಪ್ಪಿಕೊಳ್ತೀನಿ. ಆದ್ರೆ ಅದನ್ನ ಕೂರಿಸಿದ್ದು ನಾನು."

ನಮ್ಮಲ್ಲಿ ಪಿಕಪ್ ಎಂದರೆ ಸಂತೆಗೆ ಕುರಿ, ಟೊಮ್ಯಾಟೊ ಹೇರಿಕೊಂಡು ಹೋಗುವ ಗಾಡಿ. ಹುಡುಗರು ಗಿಟಾರಿನ ಜೊತೆಗೆ ಒಂದು ಗಾಡಿಯನ್ನೂ ಮಾಡಿಬಿಟ್ಟರೇ! ವಾದ್ಯ ಸಾಗಿಸಲು ಇರಬೇಕು ಎಂದುಕೊಂಡೆ. ನನ್ನ ಗೌರವ ಹೆಚ್ಚಿತು.

"ಎಷ್ಟು ಜನ ಕೂರಬಹುದಿತ್ತು?" ಎಂದು ಕೇಳಿದೆ.

ಟ್ರೆವರ್ ಸ್ವಲ್ಪ ಯೋಚಿಸಿದರು. "ಕುಣಿತದ ಹಾಲಿನಲ್ಲಾ? ಗೋಡೆಗೆ ಆತುಕೊಂಡು ನಿಂತವರನ್ನ ಬಿಟ್ಟು ನೂರು ಚಿಲ್ಲರೆ."

"ಅಲ್ಲ, ಪಿಕಪ್ಪಿನಲ್ಲಿ."

ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಅವರು ಹೆಬ್ಬೆರಳು ತೋರುಬೆರಳು ಚಾಚಿ ಬೆಂಕಿಪೊಟ್ಟಣದಷ್ಟು ಅಳತೆ ತೋರಿಸಿ, "ಇಷ್ಟೇ ಇತ್ತು" ಎಂದರು. ನಾನು ತಲೆಯಾಡಿಸಿ ಎದ್ದು ಬಂದೆ. ನನಗೆ ಒಂದೂ ಅರ್ಥವಾಗಿರಲಿಲ್ಲ.

ಸಂಜೆ ಸುಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯ ದೊಡ್ಡವ್ವ, ಗಾಡಿಗೆ ಇಲ್ಲಿ ಯೂಟ್ ಅಂತಾರ. ಇದು ಗಿಟಾರಿನ ಪಿಕಪ್. ತಂತಿ ಕೆಳಗ ಇರ್ತೈತಿ. ಒಂದು ಆಯಸ್ಕಾಂತ, ಅದರ ಸುತ್ತ ಕೂದಲಕಿಂತ ಸಣ್ಣ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿರ್ತಾರ. ಮ್ಯಾಲಿನ ಉಕ್ಕಿನ ತಂತಿ ನಡುಗಿದ್ರ ಇದರಾಗ ಕರೆಂಟು ನಡುಗತೈತಿ. ಅದನ್ನ ದೊಡ್ಡದು ಮಾಡಿ ಸ್ಪೀಕರಿಗೆ ಕಳಸೂದು. ಅದಿಲ್ಲಂದ್ರ ಎಲೆಕ್ಟ್ರಿಕ್ ಗಿಟಾರ್ ಬರೇ ಹಲಗಿ."

"ಹಂಗಾರ ಹೋನೆ ಹೇಳೂದು ಖರೆ ಐತಿ?"

"ನೀನ ಜಡ್ಜು. ನನ್ನೇನ್ ಕೇಳ್ತಿ?"

ಫೀಲ್ಡಿಂಗ್ ರಸ್ತೆಯ ಅಡುಗೆಮನೆ

ಗುರುವಾರ ಸುಮಾ ಮಧ್ಯಾಹ್ನಕ್ಕೆ ರಜೆ ಹಾಕಿ ನಮ್ಮನ್ನು ಹೋನೆಯವರ ಮನೆಗೆ ಕರೆದುಕೊಂಡು ಹೋದಳು. ಟ್ರೆವರ್ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ದಾರಿಯುದ್ದಕ್ಕೂ ಕಪ್ಪು ಬಿಳುಪು ಹಸುಗಳು, ಕಾವಲಿಗೆ ಒಬ್ಬರೂ ಇಲ್ಲ. ನನಗೆ ಅವುಗಳ ಕೆಚ್ಚಲು ನೋಡುತ್ತಾ ಹೋಗುವುದೇ ಕೆಲಸವಾಯಿತು.

ಬಾಗಿಲಲ್ಲಿ ಬೂಟುಗಳ ಸಾಲು. ಹೋನೆ ಆ ದೇಶದ ಮೂಲನಿವಾಸಿಗಳಾದ ಮಾವೊರಿ ಜನದವರು, ಅವರ ಮನೆಗಳಲ್ಲಿ ನಮ್ಮ ಹಾಗೆಯೇ ಚಪ್ಪಲಿ ಹೊರಗೆ ಬಿಡುತ್ತಾರೆ ಎಂದು ಸುಮಾ ಹೇಳಿದ್ದಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ಬಂದ ದಿನದಿಂದ ಮೊದಲ ಸಲ ನನಗೆ ಎಲ್ಲಿದ್ದೇನೆಂದು ಗೊತ್ತಾದ ಹಾಗನಿಸಿತು. ಹೋನೆ ದೊಡ್ಡ ಆಳು, ಕೈಗಳೂ ದೊಡ್ಡವು. ನನ್ನ ಕೈಯನ್ನು ತಮ್ಮ ಎರಡು ಕೈಗಳ ನಡುವೆ ಹಿಡಿದುಕೊಂಡರು. ಅವರ ಹೆಂಡತಿ ಜಾಯ್ಸ್ ಟ್ರೆವರರ ತಂಗಿ. ತೆಳ್ಳಗಿನ ಹೆಂಗಸು, ಸ್ಕೋನ್ ಎಂಬ ಉಬ್ಬಿದ ರೊಟ್ಟಿಗಳಿಗೆ ಬೆಣ್ಣೆ ಹಚ್ಚುತ್ತಾ ನಿಂತಿದ್ದರು. ತಲೆಯೆತ್ತಿ ಒಮ್ಮೆ ನಕ್ಕು ಮತ್ತೆ ಬೆಣ್ಣೆಗೆ ತೊಡಗಿದರು.

ಹೋನೆ ಮಾತಾಡುವಾಗ ಟ್ರೆವರ್ ಕಿಟಕಿ ನೋಡಿದರು, ಟ್ರೆವರ್ ಮಾತಾಡುವಾಗ ಹೋನೆ. ಹೋನೆಯವರ ಇಂಗ್ಲಿಷು ನನಗೆ ಹಿಡಿಯುತ್ತಿರಲಿಲ್ಲ, ನನ್ನದು ಅವರಿಗೆ. ಆದ್ದರಿಂದ ಸುಮಾ ನಡುವೆ ಕೂತು ಅವರ ಇಂಗ್ಲಿಷನ್ನು ಕನ್ನಡಕ್ಕೂ ನನ್ನ ಇಂಗ್ಲಿಷನ್ನು ಇನ್ನೊಂದು ಇಂಗ್ಲಿಷಿಗೂ ತಿರುಗಿಸಿದಳು.

"ಬ್ಯಾಂಡಿನ ಹಿಂದ ನಿಂತು ಬಾರಸ್ತಿದ್ದರಂತ. ಬಾರಸಾಕತ್ತೇನಿ ಅಂತ ತಮಗ ಅಷ್ಟ ಗೊತ್ತಿತ್ತಂತ, ಮಂದಿಗೆ ಕೇಳಸ್ತಿರಲಿಲ್ಲಂತ" ಎಂದಳು ಸುಮಾ. "ಅವರ ಕಾಕಾ ಯುದ್ಧದಿಂದ ಬರೂಮುಂದ ಮಿಲಿಟರಿ ವೈರ್‌ಲೆಸ್ಸಿನ ಹೆಡ್‌ಫೋನ್ ತಂದಿದ್ದರು. ಅದನ್ನ ಬಿಚ್ಚಿ ಆಯಸ್ಕಾಂತ ತಗದ್ರು. ಹಳೇ ರೇಡಿಯೋದಾಗಿಂದ ತಾಮ್ರದ ತಂತಿ ತಗದ್ರು. ಆಮ್ಯಾಲೆ ಅದನ್ನ ಸುತ್ತಿಸಿದ್ರು. ಆಮ್ಯಾಲೆ ಟ್ರೆವರ್ ಅಂಕಲ್ ಮರದಾಗ ಕೂರಿಸಿದ್ರು. ಇವರು ಬಾರಿಸಿದ್ರು. ಸದ್ದು ಬಂದ ಮ್ಯಾಲ ಅದು ಗಿಟಾರು, ಅಲ್ಲೀತನಕ ಹಲಗಿ, ಅಂತಾರ."

ನಾನು ತಡೆದೆ. "ಸುತ್ತಿಸಿದ್ರು ಅಂದ್ಯಾ, ಸುತ್ತಿದ್ರು ಅಂದ್ಯಾ?"

"ಸುತ್ತಿಸಿದ್ರು. ಅವರು ಹಂಗ ಹೇಳಿದ್ರು."

"ಯಾರ ಕಡಿಂದ?"

ಸುಮಾ ಕೇಳಿದಳು. ಹೋನೆ ಇದೆಂಥ ಪ್ರಶ್ನೆ ಎಂಬಂತೆ ಹುಬ್ಬೇರಿಸಿದರು. "ಜಾಯ್ಸ್ ಕಡೆಯಿಂದ. ಮತ್ತ್ಯಾರು ಸುತ್ತಬೇಕು? ನನ್ನ ಬೆರಳು ನೋಡಿ!"

"ಅವಳೇ ಸುತ್ತಿದ್ದು" ಎಂದರು ಟ್ರೆವರ್, ಕಿಟಕಿಯಿಂದ ಮುಖ ತಿರುಗಿಸದೆ. ಆ ದಿನ ಇಬ್ಬರೂ ಒಪ್ಪಿದ ಮೊದಲ ಮಾತು ಅದು. "ಅಮ್ಮನ ಹೊಲಿಗೆ ಮಿಶನ್ನಿನಲ್ಲಿ. ಎಲ್ಲರಿಗೂ ಗೊತ್ತು."

"ನನಗೆ ನೀವು ಹೇಳಲೇ ಇಲ್ಲವಲ್ಲ?"

"ನೀವು ಗಿಟಾರ್ ಯಾರು ಮಾಡಿದ್ದು ಅಂತ ಕೇಳಿದಿರಿ."

ಅವರಲ್ಲಿ ಕಪಟವಿರಲಿಲ್ಲ. ಮುಚ್ಚಿಟ್ಟದ್ದೂ ಅಲ್ಲ. ನಮ್ಮ ಪ್ರದರ್ಶನಗಳಲ್ಲಿ ಹಗ್ಗ ಹಿಡಿದು ಬಂದವನ ಕೊರಳಿಗೆ ನಾನೇ ಹಾರ ಹಾಕಿದ್ದೇನೆ. ವರ್ಷವಿಡೀ ಆ ಹೋರಿಗೆ ಮೇವು ಹಾಕಿದವಳು ಪೆಂಡಾಲಿನ ಆಚೆ ಬಿಸಿಲಲ್ಲಿ ನಿಂತಿರುತ್ತಿದ್ದಳು. ಅವಳನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಆದರೂ ನನಗೆ ತಲೆ ಕೆಟ್ಟಿತು. ಇಬ್ಬರ ಜಗಳ ಬಗೆಹರಿಸಲು ಬಂದವಳಿಗೆ ಮೂರನೆಯವರು ಸಿಕ್ಕಿದ್ದರು, ಅವರಿಗೆ ಜಗಳವೇ ಇರಲಿಲ್ಲ.

ಜಾಯ್ಸ್ ಕೈ ಒರೆಸಿಕೊಂಡು, "ನಿಂಬೆಹಣ್ಣು ಕೀಳೋಣ ಬನ್ನಿ" ಎಂದು ನನ್ನನ್ನು ಹಿತ್ತಲಿಗೆ ಕರೆದರು.

ನಿಂಬೆಯ ಗಿಡ

ಜಾಯ್ಸ್ ನಿಧಾನವಾಗಿ, ಪ್ರತಿ ಪದವನ್ನೂ ಬಿಡಿಸಿ ಮಾತಾಡುತ್ತಿದ್ದರು. ಆ ದೇಶದಲ್ಲಿ ಯಾರ ನೆರವೂ ಇಲ್ಲದೆ ನನಗೆ ಪೂರ್ತಿ ಅರ್ಥವಾದದ್ದು ಅವರ ಮಾತು ಮಾತ್ರ.

"ಹಾಲಿನಲ್ಲಿ ಪಿಯಾನೋ ಬಾರಿಸ್ತಿದ್ದವಳು ನಾನು" ಎಂದರು. "ಹದಿನಾರು ವರ್ಷ ಆಗ. ಮೈಕಿಲ್ಲ, ಏನಿಲ್ಲ. ಅಷ್ಟು ದೊಡ್ಡ ಹಾಲಿನ ಕೊನೆಯವರೆಗೂ ಕೇಳಿಸ್ತಿದ್ದದ್ದು ಪಿಯಾನೋನೇ. ಸ್ಯಾಕ್ಸೊಫೋನಿನ ಗಂಡಸರು, ನಮ್ಮ ಅಪ್ಪನ ವಯಸ್ಸಿನವರು, ಶುರು ಮಾಡೋದಕ್ಕೆ ನನ್ನ ಮುಖ ನೋಡ್ತಿದ್ರು."

"ಆ ತಂತಿ?"

"ಮುಟ್ಟಿದರೆ ಕಡಿಯುತ್ತೆ. ಮಿಶನ್ನಿನ ಚಕ್ರ ತಿರುಗಿಸ್ತಾ ಇನ್ನೊಂದು ಕೈಯ ಬೆರಳ ಸಂದಿಯಲ್ಲಿ ತಂತಿ ಬಿಡಬೇಕು. ಕಡಿದರೆ ಮೊದಲಿಂದ. ಎಷ್ಟು ಭಾನುವಾರ ಹೋಯ್ತೋ. ಮುಗಿದ ದಿನ ಇವರಿಬ್ಬರೂ ಹಾಲು ಕರೆಯೋಕೆ ಹೋಗಿದ್ರು. ಆ ಪಿಕಪ್ಪನ್ನ ರೇಡಿಯೋಗೆ ಸಿಕ್ಕಿಸಿ, ಮೇಲೆ ಉಕ್ಕಿನ ಒಂದು ತಂತಿಯನ್ನ ಕುರ್ಚಿಗೆ ಬಿಗಿದು ಎಳೆದು ಬಿಟ್ಟೆ." ಅವರು ಒಂದು ನಿಂಬೆ ಕಿತ್ತು ನನ್ನ ಕೈಗಿಟ್ಟರು. "ಕಪಾಟಿನ ಕಪ್ಪು ಬಸಿ ಎಲ್ಲ ಗಡಗಡ ಅಂದವು. ನಾನು ಹುಟ್ಟಿದಾಗಿನಿಂದ ಅಷ್ಟು ದೊಡ್ಡ ಸದ್ದು ಮಾಡಿರಲಿಲ್ಲ."

ಇನ್ನೊಂದು ನಿಂಬೆಗೆ ಕೈ ಚಾಚುತ್ತಾ ಹೇಳಿದರು. "ಗಿಟಾರ್ ಬಂದ ಮೇಲೆ ಹಾಲ್ ತುಂಬಿ ಹೋಯ್ತು. ಎಲ್ಲೆಲ್ಲಿಂದಲೋ ಹುಡುಗರು ಬರ್ತಿದ್ರು. ನಾನು ಬಾರಿಸ್ತಾನೇ ಇದ್ದೆ, ನನಗೇ ಕೇಳಿಸ್ತಿರಲಿಲ್ಲ. ಒಂದು ಶನಿವಾರ ಪರೀಕ್ಷೆ ಮಾಡೋಣ ಅಂತ ಹಾಡಿನ ಮಧ್ಯೆ ಕೈ ತೆಗೆದು ತೊಡೆ ಮೇಲಿಟ್ಟುಕೊಂಡೆ. ಯಾರಿಗೂ ಗೊತ್ತಾಗಲಿಲ್ಲ. ಇವರಿಗೂ. ಎದ್ದು ಒಳಗೆ ಹೋಗಿ ಸ್ಯಾಂಡ್‌ವಿಚ್ ಕತ್ತರಿಸಿದೆ. ಆಮೇಲೆ ನನ್ನ ಜಾಗ ಅಡುಗೆಮನೆಯೇ ಆಯ್ತು."

"ನೀವು ಹೇಳಬೇಕಿತ್ತು. ಅವರು ಸದ್ದು ಕಡಿಮೆ ಮಾಡುತ್ತಿದ್ದರು."

"ಅದಕ್ಕೇ ಹೇಳಲಿಲ್ಲ. ಆ ಹುಡುಗರೆಲ್ಲ ಬರ್ತಿದ್ದದ್ದು ಆ ಸದ್ದಿಗೆ. ನನಗೂ ಅದು ಇಷ್ಟ ಆಗಿತ್ತು. ಪಿಯಾನೋಗಿಂತ ಜಾಸ್ತಿ ಇಷ್ಟ ಆಗಿತ್ತು. ಅದೇ ತೊಂದರೆ."

ಹಸು ನೋವು ತಿನ್ನುತ್ತಿದ್ದರೆ ಎಲ್ಲಿ ಕೈಯಿಡಬೇಕೆಂದು ನನಗೆ ಗೊತ್ತು. ಇದು ನೋವೋ ಅಲ್ಲವೋ ಎಂದೇ ಗೊತ್ತಾಗಲಿಲ್ಲ. ಅವರ ಮುಖ ಅತ್ತ ನಗುವೂ ಅಲ್ಲ, ಇತ್ತ ಅಳುವೂ ಅಲ್ಲ.

"ಅಡುಗೆಮನೆಗೆ ಹೋದ ವಿಷಯ ಇವರಿಗೆ ಹೇಳಬೇಡಿ" ಎಂದರು ಒಳಗೆ ಹೋಗುವ ಮುನ್ನ. "ಮುದುಕರು. ಸುಮ್ಮನೆ ಬೇಜಾರು ಮಾಡ್ಕೊಳ್ತಾರೆ." ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ವಾಪಸು ಬರುವಾಗ ಕಾರಿನಲ್ಲಿ ಟ್ರೆವರ್, "ಏನು ತೀರ್ಮಾನ?" ಎಂದು ಕೇಳಿದರು. ಶನಿವಾರ ಹೇಳುತ್ತೇನೆ ಎಂದೆ. ನಿಜವಾಗಿ ನನ್ನಲ್ಲಿ ತೀರ್ಮಾನವೇ ಇರಲಿಲ್ಲ. ಶುಕ್ರವಾರವಿಡೀ ಚಪಾತಿ ಲಟ್ಟಿಸುವಾಗಲೂ ಅದೇ ಯೋಚನೆ. ಮೂವರ ಹೆಸರು ಹಾಕಿಸುವುದು ಸುಲಭ. ಆದರೆ ತನ್ನನ್ನು ಮೂಲೆಗೆ ತಳ್ಳಿದ ವಸ್ತುವಿನ ಮೇಲೆ ಹೆಸರು ಕೆತ್ತಿಸಿದರೆ ಅದು ಮರ್ಯಾದೆಯೋ, ಇನ್ನೊಂದು ಪೆಟ್ಟೋ? ಜಾಯ್ಸರನ್ನೇ ಕೇಳಿಬಿಡೋಣ ಎಂದು ಫೋನ್ ಮಾಡಿಸಿದೆ. "ನಿಮಗೆ ಸರಿ ಕಂಡ ಹಾಗೆ ಮಾಡಿ, ಡಿಯರ್" ಎಂದರು. ಇದರಿಂದ ನನಗೆ ಏನೂ ಸಹಾಯವಾಗಲಿಲ್ಲ.

ಹಾಲ್

ಮರದ ಗೋಡೆ, ತಗಡಿನ ಮಾಡು, ಸುತ್ತಲೂ ಹುಲ್ಲುಗಾವಲು. ಹಾಲ್ ಎಂದರೆ ನಾನು ಟೌನ್‌ಹಾಲ್ ಊಹಿಸಿಕೊಂಡಿದ್ದೆ, ಇದು ನಮ್ಮ ಹಳ್ಳಿಯ ಹಳೆಯ ಕನ್ನಡ ಶಾಲೆಯಷ್ಟಿತ್ತು. ಬಾಗಿಲ ಒಳಗೆ ಯುದ್ಧದಲ್ಲಿ ಸತ್ತವರ ಹೆಸರುಗಳ ಹಲಗೆ. ಅಷ್ಟು ಸಣ್ಣ ಊರಿಗೆ ಅಷ್ಟು ಉದ್ದದ ಹಲಗೆ. ಅದರಲ್ಲಿ ಒಂದೇ ಮನೆತನದ ಹೆಸರುಗಳು ಮತ್ತೆ ಮತ್ತೆ ಬಂದಿದ್ದವು. ಅದನ್ನು ದಾಟಿಯೇ ಆ ಕಾಲದ ಹುಡುಗ ಹುಡುಗಿಯರು ಕುಣಿಯಲು ಹೋಗುತ್ತಿದ್ದರು. ಸ್ವಲ್ಪ ಹೊತ್ತು ನಿಂತು ಓದಿದೆ.

ಜನ ತುಂಬಿದ್ದರು, ಹೆಚ್ಚಿನವರು ನರೆಗೂದಲಿನವರು. ಗಿಟಾರನ್ನು ಮೊದಲ ಸಲ ನೋಡಿದೆ. ಕೆಂಪು ಮರ, ಒರಟು ಅಂಚು, ಕತ್ತು ಸ್ವಲ್ಪ ಸೊಟ್ಟ. ಹೋರಿಯಾಗಿದ್ದರೆ ಮೊದಲ ಸುತ್ತಿನಲ್ಲೇ ಹೊರಗೆ ಕಳಿಸುತ್ತಿದ್ದೆ. ಜಾಯ್ಸ್ ಎಲ್ಲೆಂದು ಕಣ್ಣಾಡಿಸಿದೆ. ಅವರು ಅಡುಗೆಮನೆಯ ಕಿಂಡಿಯ ಹಿಂದೆ ಕಪ್ಪುಗಳನ್ನು ಜೋಡಿಸುತ್ತಿದ್ದರು.

ಸಮಿತಿಯ ಅಧ್ಯಕ್ಷೆ ನನ್ನನ್ನು 'ಭಾರತದಿಂದ ಬಂದ ಜಡ್ಜ್' ಎಂದು ಪರಿಚಯಿಸಿದರು. ಹೋರಿಯ ವಿಷಯ ಬಿಟ್ಟೇಬಿಟ್ಟರು. ಚಪ್ಪಾಳೆ ಬಿತ್ತು. ನಾನು ಎದ್ದು ವೇದಿಕೆ ಹತ್ತಿದೆ.

"ಮೂರು ಹೆಸರು" ಎಂದೆ. "ಕೆಲಸ ನಡೆದ ಕ್ರಮದಲ್ಲಿ. ಮರ ಕೊಯ್ದ ಟ್ರೆವರ್, ತಂತಿ ಸುತ್ತಿದ ಜಾಯ್ಸ್, ಬಾರಿಸಿದ ಹೋನೆ."

ಟ್ರೆವರರ ಎದೆ ಉಬ್ಬಿತು. ಹೋನೆ ತಲೆಯೆತ್ತಿ ಮಾಡಿನ ತಗಡು ನೋಡಿದರು. ಕಿಂಡಿಯಿಂದ ಜಾಯ್ಸ್ ದನಿ ಬಂತು: "ಮಧ್ಯದಲ್ಲಿ ನಾನಾ? ಸರಿ ಬಿಡಿ. ಐವತ್ತು ವರ್ಷದಿಂದ ಯೂಟ್‌ನಲ್ಲಿ ಇವರಿಬ್ಬರ ಮಧ್ಯೆಯೇ ಕೂತಿದ್ದೀನಿ."

ಹಾಲಿಗೆ ಹಾಲೇ ನಕ್ಕಿತು. ಅಷ್ಟಕ್ಕೆ ಮುಗಿಸಿ ಇಳಿಯಬೇಕಿತ್ತು ನಾನು. ಆದರೆ ವೇದಿಕೆಯ ಪಕ್ಕ, ಒಂದರ ಮೇಲೊಂದು ಪೇರಿಸಿದ ಕುರ್ಚಿಗಳ ಹಿಂದೆ, ಬಟ್ಟೆ ಹೊದಿಸಿದ ಪಿಯಾನೋ ಕಣ್ಣಿಗೆ ಬಿತ್ತು. ಯೋಚಿಸದೆ ಹೇಳಿಬಿಟ್ಟೆ: "ನಮ್ಮಲ್ಲಿ ಹೋರಿಯನ್ನು ನಡೆಸಿ ನೋಡದೆ ಬಹುಮಾನ ಖಾಯಂ ಮಾಡುವುದಿಲ್ಲ. ಇದನ್ನು ಬಾರಿಸಿ ತೋರಿಸಬೇಕು. ಆಗ ಇದ್ದ ಹಾಗೆಯೇ. ಪಿಯಾನೋ ಜೊತೆಗೆ."

ಜಾಯ್ಸ್ ಕಿಂಡಿಯಿಂದ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಕೊಟ್ಟ ಮಾತನ್ನು ನಾನು ಮುರಿದೆನೋ ಉಳಿಸಿಕೊಂಡೆನೋ ಎಂದು ಅವರು ಲೆಕ್ಕ ಹಾಕುವಂತಿತ್ತು. ಆದರೆ ಜನ ಆಗಲೇ ಕುರ್ಚಿ ಸರಿಸುತ್ತಿದ್ದರು. ಜಾಯ್ಸ್ ಕೈ ಒರೆಸಿಕೊಂಡು ಬಂದು ಪಿಯಾನೋ ಮುಂದೆ ಕೂತರು. ಹ್ಯಾಟು ಹಾಕಿದ ಒಬ್ಬ ಮುದುಕರು, "ಅರೆ, ಜಾಯ್ಸ್ ಬಾರಿಸ್ತಿದ್ದಳಲ್ವಾ! ಹೌದಲ್ಲ!" ಎಂದು ಪಕ್ಕದವರಿಗೆ ಹೇಳಿದರು.

ಹೋನೆ ಗಿಟಾರನ್ನು ಕೊರಳಿಗೆ ಹಾಕಿಕೊಂಡು, ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿ, ಮೊದಲ ಸ್ವರ ಬಾರಿಸಿದರು. ಒಂದು ಗರ್ಜನೆ ಎದ್ದಿತು, ಹಿಂದೆಯೇ ಟಪ್ ಎಂದಿತು. ಫ್ಯೂಸು ಹೋಗಿತ್ತು. ಹಾಲಿನ ಅರ್ಧ ದೀಪಗಳೂ ಆರಿದವು. ಹೋನೆ ನಿಲ್ಲಿಸಲಿಲ್ಲ. ಅವರ ದೊಡ್ಡ ಕೈಗಳು ತಂತಿಯ ಮೇಲೆ ಓಡುತ್ತಲೇ ಇದ್ದವು, ಬಂದದ್ದು ಸೊಳ್ಳೆಯಷ್ಟು ಸದ್ದು. ಆಗ ಪಿಯಾನೋ ಕೇಳಿಸಿತು. ಶ್ರುತಿ ತಪ್ಪಿದ ಪಿಯಾನೋ, ಕೆಲವು ಕೀಗಳನ್ನು ಒತ್ತಿದರೆ ಕಟ್ಟಿಗೆಯಂತೆ ಸದ್ದು. ಆದರೂ ಜಾಯ್ಸರ ಬೆರಳುಗಳು ಹೇಗೆ ಇಳಿಯುತ್ತಿದ್ದವೆಂದರೆ ನನ್ನ ಎದುರಿನ ಸಾಲಿನ ಹೆಂಗಸರ ಭುಜಗಳು ತಾವಾಗಿಯೇ ಅಲುಗತೊಡಗಿದವು. ಹಾಲ್ ಪೂರ್ತಿ ಅವರದಾಗಿತ್ತು.

ಅಷ್ಟರಲ್ಲಿ ಯಾರೋ ಫ್ಯೂಸು ಹಾಕಿದರು.

ಗಿಟಾರು ಒಮ್ಮೆಲೇ ಎದ್ದು ಬಂತು. ಅದನ್ನು ನಾನು ಹೇಗೆ ವರ್ಣಿಸಲಿ? ಸಂಗೀತದಲ್ಲಿ ನನಗೆ ಗತಿಯಿಲ್ಲ. ಎದೆಯ ಮೂಳೆಗೆ ಬಡಿಯುವ, ಕುರ್ಚಿಯಿಂದ ಎಬ್ಬಿಸುವ ಸದ್ದು. ಕೋಲೂರಿಕೊಂಡು ಬಂದಿದ್ದವರು ಕೋಲನ್ನು ಗೋಡೆಗೆ ಒರಗಿಸಿ ಎದ್ದರು. ಜೋಡಿಗಳು ಕುಣಿಯತೊಡಗಿದವು. ನನ್ನ ಕಾಲೂ ತಾಳ ಹಾಕುತ್ತಿತ್ತು. ಆಮೇಲೆ ಗಮನಿಸಿದೆ: ಪಿಯಾನೋ ಕೇಳಿಸುತ್ತಿಲ್ಲ. ಜಾಯ್ಸರ ಕೈಗಳು ಓಡುತ್ತಿವೆ, ಏನೂ ಕೇಳಿಸುತ್ತಿಲ್ಲ. ಇದನ್ನು ನಾನೇ ಮಾಡಿಸಿದೆ. ಒಳ್ಳೆಯದು ಮಾಡಿದೆನೋ ಕೆಟ್ಟದ್ದು ಮಾಡಿದೆನೋ ತಿಳಿಯದೆ ಕಕ್ಕಾಬಿಕ್ಕಿಯಾಗಿ ಕೂತೆ. ಕೂತಲ್ಲಿ ಕೂರಲಾಗದೆ ನನ್ನ ಕುರ್ಚಿಯನ್ನು ನೆಲದ ಮೇಲೆ ಎಳೆದುಕೊಂಡು ಹೋಗಿ ಪಿಯಾನೋ ಪಕ್ಕಕ್ಕೆ ಹಾಕಿದೆ.

"ಏನಾಯ್ತು, ಅಲ್ಲಿಂದ ಕಾಣಲ್ವಾ?" ಎಂದು ಕೂಗಿದರು ಟ್ರೆವರ್.

"ಕೇಳಿಸುವುದಿಲ್ಲ!"

"ಕೇಳಿಸಲ್ವಾ? ಇಷ್ಟು ಸದ್ದಿನಲ್ಲಿ?"

ನಾನು ಪಿಯಾನೋ ಕಡೆ ಬೆರಳು ತೋರಿದೆ. ಅವರು ಕೋಲೂರಿಕೊಂಡು ಕುಣಿಯುವವರ ನಡುವೆಯೇ ನಿಧಾನವಾಗಿ ಬಂದರು. ಬಗ್ಗಿ, ಪಿಯಾನೋದ ಮರಕ್ಕೆ ಕಿವಿ ಹಚ್ಚಿದರು. ಬಹಳ ಹೊತ್ತು ಹಾಗೆಯೇ ಇದ್ದರು. ತಲೆಯೆತ್ತಿದಾಗ ಅವರ ಮುಖದಲ್ಲಿ ನನಗಿಂತ ಹೆಚ್ಚಿನ ಗೊಂದಲವಿತ್ತು.

"ಜಾಯ್ಸ್" ಎಂದರು. "ನೀನು ಆಗೆಲ್ಲ ಪೂರ್ತಿ ಹೊತ್ತು ಬಾರಿಸ್ತಿದ್ದೆಯಾ?"

ಜಾಯ್ಸ್ ಕೈ ನಿಲ್ಲಿಸಲಿಲ್ಲ. "ಬಾರಿಸ್ತಿದ್ದೆ. ಒಂದು ದಿನದವರೆಗೆ."

ಟ್ರೆವರ್ ಕೋಲನ್ನು ಬಿಗಿಯಾಗಿ ಹಿಡಿದು ಆಂಪ್ಲಿಫೈಯರಿನ ಕಡೆ ತಿರುಗಿದರು, ಸದ್ದು ತಗ್ಗಿಸಲು. ಎರಡು ಹೆಜ್ಜೆ ಇಟ್ಟಿರಬೇಕು, ಜಾಯ್ಸ್ ಅವರ ಅಂಗಿಯ ಚುಂಗನ್ನು ಎಡಗೈಯಿಂದ ಹಿಡಿದರು. ಬಲಗೈ ಬಾರಿಸುತ್ತಲೇ ಇತ್ತು.

"ಬಿಡು ಟ್ರೆವರ್. ಅದು ಹಾಗೇ ಇರಲಿ, ಚೆನ್ನಾಗಿದೆ. ನೀನು ಇಲ್ಲಿ ಕೂತ್ಕೋ."

ನಾನು ಎದ್ದು ನನ್ನ ಕುರ್ಚಿಯನ್ನು ಅವರಿಗೆ ಕೊಟ್ಟೆ. ಅವರು ಕೂತರು.